ಹೊಸಬರಿಗೆ ಮಾರ್ಗದರ್ಶಿ: ಹೊಸ ಎಸ್ಟೇಟ್‌ನಲ್ಲಿ ಮನೆ ನೋಡುವ ಮುಂಚೆ

ಇಂಗ್ಲೆಂಡಿಗೆ ಬಂದು ಸ್ವಲ್ಪ ಕಾಲ ಬಾಡಿಗೆ ಮನೆಯಲ್ಲಿದ್ದು, ಆಮೇಲೆ ಬಿಲ್ಡರ್‌ಗಳು ಕಟ್ಟುವ ಹೊಸ ಬಡಾವಣೆಗಳಲ್ಲಿ, ಅಂದರೆ ಹೊಸ ಎಸ್ಟೇಟ್‌ಗಳಲ್ಲಿ ಮನೆ ನೋಡಲು ಶುರು ಮಾಡುವವರು ನಮ್ಮಲ್ಲಿ ಜಾಸ್ತಿ. ಇಂಗ್ಲಿಷ್ ನಮಗೆ ಹೊಸದಲ್ಲ. ಆದರೆ ಕೌನ್ಸಿಲ್ (ಸ್ಥಳೀಯ ಆಡಳಿತ) ಮತ್ತು ಬಿಲ್ಡರ್‌ಗಳ ಕಾಗದದಲ್ಲಿ ಗೊತ್ತಿರುವ ಪದಗಳಿಗೇ ಬೇರೆ ಅರ್ಥ ಇರುತ್ತದೆ. ಊರಿನಲ್ಲಿ ಸೈಟು ಕೊಳ್ಳುವಾಗ ಖಾತೆ ಯಾವುದು, ಡಿಸಿ ಕನ್ವರ್ಷನ್ ಆಗಿದೆಯಾ ಎಂದು ಕೇಳದೆ ಯಾರೂ ಅಡ್ವಾನ್ಸ್ ಕೊಡುವುದಿಲ್ಲ, ಅಲ್ವಾ? ಇಲ್ಲಿ ಕೇಳಬೇಕಾದ ಪ್ರಶ್ನೆಗಳು ಬೇರೆ.

ಮೊದಲು 'ಅಫೋರ್ಡಬಲ್'. ನಮ್ಮ ಕೈಗೆಟುಕುವ ಬೆಲೆ ಎಂದುಕೊಳ್ಳಬೇಡಿ. 'ಅಫೋರ್ಡಬಲ್ ರೆಂಟ್' ಎಂದರೆ ಆ ಜಾಗದ ಮಾರುಕಟ್ಟೆ ಬಾಡಿಗೆಗಿಂತ ಕನಿಷ್ಠ ಶೇ. 20 ಕಡಿಮೆ, ಅಷ್ಟೆ. ಮಾರುಕಟ್ಟೆ ಬಾಡಿಗೆ 2,000 ಪೌಂಡ್ ಇರುವ ಕಡೆ 1,600 ಕೇಳಿದರೂ ಅದು ಅಫೋರ್ಡಬಲ್. ನಿಮ್ಮ ಸಂಬಳ ಎಷ್ಟು ಎಂಬುದು ಆ ಲೆಕ್ಕದಲ್ಲಿ ಬರುವುದೇ ಇಲ್ಲ. 'ಸೋಷಿಯಲ್ ರೆಂಟ್' (ಸರ್ಕಾರದ ಸೂತ್ರದಂತೆ ನಿಗದಿಯಾಗುವ ಬಾಡಿಗೆ) ಇನ್ನೂ ಕಡಿಮೆ. ಆದರೆ ವೀಸಾದಲ್ಲಿ 'ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್' (ಸರ್ಕಾರಿ ನೆರವು ಪಡೆಯುವಂತಿಲ್ಲ) ಎಂದಿದ್ದರೆ, ಕೌನ್ಸಿಲ್ ತನ್ನ ಕಾಯುವ ಪಟ್ಟಿಯಿಂದ ಹಂಚುವ ಮನೆ ನಿಮಗೆ ಸಿಗುವುದಿಲ್ಲ.

'ಶೇರ್ಡ್ ಓನರ್‌ಶಿಪ್' ಕೂಡ 'ಅಫೋರ್ಡಬಲ್' ಗುಂಪಿನದೇ. ಮನೆಯ ಶೇ. 10ರಿಂದ 75ರವರೆಗಿನ ಪಾಲು ಕೊಂಡು, ಉಳಿದದ್ದಕ್ಕೆ ಬಾಡಿಗೆ ಕಟ್ಟುತ್ತೀರಿ. ಕುಟುಂಬದ ವಾರ್ಷಿಕ ಆದಾಯ 80,000 ಪೌಂಡ್ ಮೀರಬಾರದು, ಲಂಡನ್‌ನಲ್ಲಿ 90,000. ಗಮನಿಸಿ: ನಿಮ್ಮ ಪಾಲು ಕಾಲು ಭಾಗವಾದರೂ ಸರ್ವಿಸ್ ಚಾರ್ಜ್ (ಕಟ್ಟಡ, ಸಾಮಾನ್ಯ ಜಾಗಗಳ ನಿರ್ವಹಣೆಯ ಶುಲ್ಕ) ಪೂರ್ತಿ ನಿಮ್ಮದೇ. ಸೇಲ್ಸ್ ಆಫೀಸಿನಲ್ಲಿ ತಿಂಗಳ ಒಟ್ಟು ಖರ್ಚನ್ನು ಬರೆದು ಕೊಡಿ ಎಂದು ಕೇಳಿ.

ನಮ್ಮವರಿಗೆ ಹೆಚ್ಚು ಪೆಟ್ಟು ಬೀಳುವುದು 'ಅಡಾಪ್ಟೆಡ್' ರಸ್ತೆಯ ವಿಷಯದಲ್ಲಿ. ಕೌನ್ಸಿಲ್ ಹೊಣೆ ಹೊತ್ತ ರಸ್ತೆಗೆ ಹಾಗೆ ಹೇಳುತ್ತಾರೆ. 1980ರ ಹೈವೇಸ್ ಕಾಯ್ದೆಯ ಸೆಕ್ಷನ್ 38ರಡಿ ಬಿಲ್ಡರ್ ಮತ್ತು ಕೌನ್ಸಿಲ್ ಒಪ್ಪಂದ ಮಾಡಿಕೊಂಡು ರಸ್ತೆ ಕೈ ಬದಲಾಗುತ್ತದೆ. ಹಾಗಾಗದ ಕಡೆ ರಸ್ತೆ, ಬೀದಿದೀಪ, ಹುಲ್ಲು, ಮಕ್ಕಳ ಆಟದ ಜಾಗ ಎಲ್ಲವನ್ನೂ ಮ್ಯಾನೇಜ್‌ಮೆಂಟ್ ಕಂಪನಿ ನೋಡಿಕೊಳ್ಳುತ್ತದೆ, ದುಡ್ಡು ಮನೆಯವರು ಕೊಡಬೇಕು. ಮನೆ ಫ್ರೀಹೋಲ್ಡ್ (ಮನೆ, ನೆಲ ಎರಡೂ ನಿಮ್ಮದೇ) ಆಗಿದ್ದರೂ ಎಸ್ಟೇಟ್ ಚಾರ್ಜ್ ವರ್ಷ ವರ್ಷ ಬರುತ್ತದೆ, ಕೌನ್ಸಿಲ್ ಟ್ಯಾಕ್ಸ್ ಏನೂ ಕಡಿಮೆಯಾಗುವುದಿಲ್ಲ. ಇದು ನ್ಯಾಯವಲ್ಲ ಎಂಬುದೇ ನಮ್ಮ ಅಭಿಪ್ರಾಯ. ಆದರೆ ಸಹಿ ಹಾಕಿದ ಮೇಲೆ ತಪ್ಪಿಸಿಕೊಳ್ಳುವುದು ಕಷ್ಟ. ಸೆಕ್ಷನ್ 38 ಒಪ್ಪಂದ ಆಗಿದೆಯಾ, ಚಾರ್ಜ್ ಏರಿಕೆಗೆ ಮಿತಿ ಇದೆಯಾ ಎಂದು ನಿಮ್ಮ ಸಾಲಿಸಿಟರ್‌ಗೆ (ಖರೀದಿ ಕಾಗದ ನೋಡುವ ವಕೀಲರಿಗೆ) ಮುಂಚೆಯೇ ಈಮೇಲ್ ಮಾಡಿ. ಬಿಲ್ಡರ್ ಸೂಚಿಸಿದ ಸಾಲಿಸಿಟರ್‌ಗಿಂತ ನೀವೇ ಹುಡುಕಿಕೊಂಡವರು ವಾಸಿ.

ಮನೆ ಹಿಂದಿನ ಹೊಲ ಚೆಂದ ಕಾಣುತ್ತದೆಯೇ? ಕೌನ್ಸಿಲ್ ವೆಬ್‌ಸೈಟಿನಲ್ಲಿ ಆ ಜಾಗದಲ್ಲಿ ಕಟ್ಟಲು ಅನುಮತಿ ಕೇಳಿರುವ ಪ್ಲ್ಯಾನಿಂಗ್ ಅರ್ಜಿಗಳನ್ನು ನೋಡಿ. 'ಔಟ್‌ಲೈನ್ ಪರ್ಮಿಷನ್' ಎಂದಿದ್ದರೆ ಅದು ಸುಮ್ನೆ ರೂಪುರೇಷೆ ಅಲ್ಲ, ಅಲ್ಲಿ ಮನೆ ಕಟ್ಟಬಹುದೆಂದು ಆಗಲೇ ತೀರ್ಮಾನವಾಗಿದೆ. ಮುಂದಿನ 'ರಿಸರ್ವ್ಡ್ ಮ್ಯಾಟರ್ಸ್' ಹಂತದಲ್ಲಿ ಚರ್ಚೆ ಆಗುವುದು ವಿನ್ಯಾಸ, ಎತ್ತರ, ಗಿಡಮರ ಇಂಥವುಗಳ ಬಗ್ಗೆ ಮಾತ್ರ.

ಅಕ್ಕಪಕ್ಕದ ಅರ್ಜಿಯ ನೋಟಿಸ್ ಬಂದರೆ ಅಭಿಪ್ರಾಯ ಬರೆಯಲು ಸಾಮಾನ್ಯವಾಗಿ 21 ದಿನ ಇರುತ್ತದೆ. ನೋಟ ಹಾಳಾಗುತ್ತದೆ, ಮನೆ ಬೆಲೆ ಬೀಳುತ್ತದೆ ಎಂಬ ಮಾತಿಗೆ ಅಲ್ಲಿ ತೂಕವಿಲ್ಲ. ನಿಮ್ಮ ಕೋಣೆಯೊಳಗೆ ಅವರ ಕಿಟಕಿಯಿಂದ ಕಾಣುತ್ತದೆ, ಬೆಳಕು ತಪ್ಪುತ್ತದೆ, ಟ್ರಾಫಿಕ್ ಜಾಸ್ತಿಯಾಗುತ್ತದೆ ಎಂದು ಬರೆಯಿರಿ.

ಅಪ್ಪ ಅಮ್ಮ ಬಂದಾಗ ಇರಲಿ ಅಂತ ಹಿಂದೆ ಒಂದು ಕೋಣೆ ಕಟ್ಟಿಸುವ ಆಸೆ ಇದ್ದರೆ 'ಪರ್ಮಿಟೆಡ್ ಡೆವಲಪ್‌ಮೆಂಟ್' ಬಗ್ಗೆ ಕೇಳುತ್ತೀರಿ. ಒಂದೇ ಅಂತಸ್ತಾದರೆ, ಬಿಡಿ (ಡಿಟ್ಯಾಚ್ಡ್) ಮನೆಗೆ 4 ಮೀಟರ್, ಉಳಿದವಕ್ಕೆ 3 ಮೀಟರ್‌ವರೆಗೆ ಹಿಂದಕ್ಕೆ ಪ್ಲ್ಯಾನಿಂಗ್ ಅರ್ಜಿ ಇಲ್ಲದೆ ಕಟ್ಟಬಹುದು, ಬೇರೆ ಷರತ್ತುಗಳೂ ಇವೆ. ಫ್ಲ್ಯಾಟ್‌ಗೆ ಈ ಹಕ್ಕಿಲ್ಲ. ಎಷ್ಟೋ ಹೊಸ ಎಸ್ಟೇಟ್‌ಗಳಲ್ಲಿ ಮೂಲ ಅನುಮತಿಯಲ್ಲೇ ಇದನ್ನು ತೆಗೆದುಹಾಕಿರುತ್ತಾರೆ. ಬಿಲ್ಡಿಂಗ್ ರೆಗ್ಯುಲೇಷನ್ಸ್ (ಕಟ್ಟಡದ ಸುರಕ್ಷತೆ, ಗುಣಮಟ್ಟದ ನಿಯಮಗಳು) ಒಪ್ಪಿಗೆ ಬೇರೆಯೇ ಬೇಕು. ಕೆಲಸ ಮುಗಿದಾಗ ಕೊಡುವ ಕಂಪ್ಲೀಷನ್ ಸರ್ಟಿಫಿಕೇಟ್ ಜೋಪಾನ ಮಾಡಿ, ಮನೆ ಮಾರುವಾಗ ಕೊಳ್ಳುವವರ ಸಾಲಿಸಿಟರ್ ಅದನ್ನು ಕೇಳುತ್ತಾರೆ.