ಸಿಗದ ಊರುಗಳ ಚಿತ್ತಾರ: ನನ್ನ ಅನುಭವ

"ನಿಮ್ಮ ಸರ್ವರಿಗೆ ನೀವೇ ಕಲ್ಲು ಹೊಡೆದರೆ ಅದು ಪ್ರತಿಭಟನೆ ಹೇಗಾಗುತ್ತದೆ?" ಎಂದು ಶಿವಮೊಗ್ಗದ ಗೆಳೆಯರು ಎರಡು ವರ್ಷ ಕೇಳಿದರು. ಮುಳುಗಿದ ಊರುಗಳ ಹೆಸರನ್ನು ನನ್ನದೇ ಸರ್ವರಿಗೆ (ಜಾಲಪುಟಗಳನ್ನು ಒದಗಿಸುವ ಕಂಪ್ಯೂಟರಿಗೆ) ಮತ್ತೆ ಮತ್ತೆ ಕೇಳಿ, ಅದು ಕೊಡುವ ‘ಸಿಗಲಿಲ್ಲ’ ಎಂಬ ಉತ್ತರವನ್ನು ಗೋಡೆಯ ಮೇಲೆ ಚಿತ್ತಾರವಾಗಿಸುವ ಕೃತಿ ನನ್ನದು. ಕಳೆದ ಬೇಸಿಗೆಯಲ್ಲಿ ಸಾಗರದ ಹತ್ತಿರದ ಮನೆಯಂಗಳದಲ್ಲಿ ಆ ಕೃತಿ ಮೂರು ರಾತ್ರಿ ನಡೆದ ಮೇಲೆ ಅದೇ ಗೆಳೆಯರು ಕೋಡ್ ಕೊಡಿ ಎನ್ನುತ್ತಿದ್ದಾರೆ.

ಇದರ ಬೇರು 1998ರ ಫ್ಲಡ್‌ನೆಟ್ ಎಂಬ ಜಾಲ ಪ್ರತಿಭಟನೆಯ ತಂತ್ರಾಂಶ. ಮೆಕ್ಸಿಕೋದ ಮೂಲನಿವಾಸಿಗಳ ಜಪಾಟಿಸ್ಟಾ ಹೋರಾಟವನ್ನು ಬೆಂಬಲಿಸಿದ ಎಲೆಕ್ಟ್ರಾನಿಕ್ ಡಿಸ್ಟರ್ಬೆನ್ಸ್ ಥಿಯೇಟರ್ ಗುಂಪು ಇಲ್ಲದ ಪುಟಗಳನ್ನು ಕೇಳಿ ಕೇಳಿ, ‘ಮಾನವ ಹಕ್ಕುಗಳು ಈ ಸರ್ವರಿನಲ್ಲಿ ಸಿಗಲಿಲ್ಲ’ ಎಂಬ ಉತ್ತರವನ್ನು ಸರ್ಕಾರಿ ಸರ್ವರಿನಿಂದಲೇ ಹೇಳಿಸಿತು. 1964ರ ಲಿಂಗನಮಕ್ಕಿ ಅಣೆಕಟ್ಟೆಗಾಗಿ ಊರು ಬಿಟ್ಟವರ ಮಕ್ಕಳು ಇಂದಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿರುವ ನಮ್ಮ ಜಿಲ್ಲೆಗೆ ಇದಕ್ಕಿಂತ ಒಪ್ಪುವ ರೂಪ ನನಗೆ ಕಾಣಲಿಲ್ಲ.

ಮೊದಲು ಇಲಾಖೆಯೊಂದರ ಜಾಲತಾಣಕ್ಕೇ ಮುಳುಗಡೆ ಊರುಗಳ ಹೆಸರು ಕಳಿಸುವ ಸ್ಕ್ರಿಪ್ಟ್ (ಸಣ್ಣ ಪ್ರೋಗ್ರಾಂ) ಬರೆದಿದ್ದೆ. ವಕೀಲರಾದ ನಮ್ಮ ಭಾವ ಐಟಿ ಕಾಯ್ದೆಯ 43 ಮತ್ತು 66ನೇ ಕಲಂಗಳನ್ನು ಓದಿಸಿದರು: ಮಾಲೀಕರ ಅನುಮತಿಯಿಲ್ಲದೆ ಸೇವೆಗೆ ಅಡ್ಡಿಪಡಿಸಿದರೆ ಪರಿಹಾರ ತೆರಬೇಕು, ಅದನ್ನೇ ಅಪ್ರಾಮಾಣಿಕವಾಗಿ ಅಥವಾ ವಂಚನೆಯಿಂದ ಮಾಡಿದರೆ 3 ವರ್ಷದವರೆಗೆ ಸೆರೆ, 5 ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ. "ಲ್ಯಾಪ್‌ಟಾಪ್ ಮೊದಲು ಜಪ್ತಿಯಾಗುತ್ತದೆ, ನಿನ್ನ ಕಲೆಯ ವಾದ ಆಮೇಲೆ" ಎಂದರು. ಸ್ಕ್ರಿಪ್ಟನ್ನು ಅಂದೇ ಅಳಿಸಿದೆ.

ಎರಡನೆಯ ಸಲ ಬಾಡಿಗೆ ಕ್ಲೌಡ್‌ನಲ್ಲಿ ನನ್ನದೇ ಸರ್ವರ್ ಹೂಡಿದೆ. ಒಮ್ಮೆಗೇ ಎಷ್ಟು ಕೋರಿಕೆ ತಾಳುತ್ತದೆಂದು ನೋಡುವ ಲೋಡ್ ಪರೀಕ್ಷೆಯನ್ನು ದಾಳಿಯೆಂದು ತಿಳಿದ ಕಂಪನಿ ಖಾತೆಯನ್ನೇ ಮುಚ್ಚಿತು. ಸುಮಾರು ನಾಲ್ಕು ಸಾವಿರ ಹೋಯಿತು. ಯಂತ್ರ ನನ್ನದಲ್ಲ, ಕರಾರು ಅವರದು ಎಂಬುದು ಆಗ ಹೊಳೆಯಿತು. ಕೊನೆಗೆ ಗುಜರಿಯಿಂದ ಮೂರು ಸಾವಿರಕ್ಕೆ ಹಳೆಯ ಡೆಸ್ಕ್‌ಟಾಪ್ ತಂದು, ಇಂಟರ್‌ನೆಟ್‌ಗೆ ತಾಗಿಸದೆ, ಒಂದೇ ರೌಟರ್‌ನಡಿ ಎಲ್ಲವನ್ನೂ ಕಟ್ಟಿದೆ. ಆ ಅಂಗಳದ ಮನೆಯವರ ಲಿಖಿತ ಒಪ್ಪಿಗೆಯನ್ನೂ ಪಡೆದೆ.

ನಿಜವಾದ ತೊಡಕು ಕನ್ನಡದ್ದು. ಬೇಸಿಗೆಯಲ್ಲಿ ನೀರಿಳಿದಾಗ ಹಳೆಯ ಅಣೆಕಟ್ಟು ಮೇಲೇಳುವ ಮಡೆನೂರಿನ ಹೆಸರಿನಿಂದ ಆರಂಭಿಸಿದ್ದೆ. ‘ಮಡೆನೂರು’ ಎಂಬ ನಾಲ್ಕಕ್ಷರ ವೆಬ್ ವಿಳಾಸಕ್ಕಾಗಿ ಸಂಕೇತಕ್ಕಿಳಿದು, ಸರ್ವರಿನ ಲಾಗ್‌ನಲ್ಲಿ (ದಾಖಲೆಯಲ್ಲಿ) ಶೇಕಡಾ ಗುರುತು (%) ತುಂಬಿದ 63 ಚಿಹ್ನೆಗಳ ಸಾಲಾಗಿ ಬಿತ್ತು. ಬಿಡಿಸಿ ಓದುವ ಕೋಡಿಗೆ ಮೂರು ವಾರ ತಿಣುಕಿದ ಮೇಲೆ, ಆ ಉದ್ದವೇ ನಮ್ಮ ಮಲೆನಾಡಿನ ಗೋಡೆಚಿತ್ರವಾದ ಹಸೆ ಚಿತ್ತಾರದ ಗೆರೆಯಾಗಲಿ ಎಂದುಕೊಂಡೆ. ಪ್ರತಿ 404ಕ್ಕೆ, ಅಂದರೆ ಪುಟ ‘ಸಿಗಲಿಲ್ಲ’ ಎಂಬ ಉತ್ತರಕ್ಕೆ, ಕೆಮ್ಮಣ್ಣಿನ ಗೋಡೆಯ ಮೇಲೆ ಪ್ರೊಜೆಕ್ಟರಿನಿಂದ ಒಂದು ಬಿಳಿ ಗೆರೆ. ಗೆರೆಗಳು ಒಂದರ ಮೇಲೊಂದು ಬೀಳದಂತೆ ನೋಡಿಕೊಳ್ಳುವ ಲೆಕ್ಕ ನನ್ನಲ್ಲೇ ಇರಲಿ. ನಡುವೆ ಕೆಮ್ಮಣ್ಣಿನ ಬದಲು ಅಡಿಕೆ ಚೊಗರು (ಅಡಿಕೆ ಬೇಯಿಸಿದ ಕಡುಗಂದು ನೀರು) ಬಳಿದು ನೋಡಿದ್ದೆ. ಅದು ಬೆಳಕನ್ನೆಲ್ಲ ನುಂಗಿತು.

ಪ್ರೊಜೆಕ್ಟರ್ ಬಾಡಿಗೆಯೂ ಸೇರಿ ಒಟ್ಟು ಹನ್ನೆರಡು ಸಾವಿರದ ಆಸುಪಾಸು ಖರ್ಚಾಯಿತು. ಕೊನೆಯ ರಾತ್ರಿ ಅಜ್ಜಿಯೊಬ್ಬರು ತಮ್ಮ ತವರೂರಿನ ಹೆಸರು ಹೇಳಿದರು, ಮೊಮ್ಮಗ ಟೈಪ್ ಮಾಡಿದ. ಗೋಡೆಯ ಮೇಲೆ ‘ಸಿಗಲಿಲ್ಲ’ ಎಂದು ಮೂಡಿ, ಅದರಡಿ ಗೆರೆಯೊಂದು ಎಳೆದುಕೊಂಡಿತು. "ಇನ್ನೊಂದ್ಸಲ ಕೇಳು ಮಾರಾಯ" ಎಂದರು. ಆತ ಹನ್ನೊಂದು ಸಲ ಕೇಳಿದ.