ಢಬ್ ಸದ್ದು ಗೇರ್‌ಬಾಕ್ಸಿನದಲ್ಲ, ಮೌಂಟಿನದು

ನನ್ನ ಕಾರು ಆಗಲೇ 1,40,000 ಕಿಲೋಮೀಟರ್ ಓಡಿತ್ತು. ಹಳೇ 4 ಗೇರಿನ ಆಟೋಮ್ಯಾಟಿಕ್, ಡಿಪ್‌ಸ್ಟಿಕ್ (ಆಯಿಲ್ ಅಳೆಯುವ ಕಡ್ಡಿ) ಇರುವಂಥದ್ದು. ರಿವರ್ಸ್‌ಗೆ ಹಾಕಿದರೆ ಸೀಟಿನ ಕೆಳಗೆ ಯಾರೋ ಒದ್ದ ಹಾಗೆ ಢಬ್ ಅನ್ನುತ್ತಿತ್ತು. ವರ್ಕ್‌ಶಾಪಿನವರು ಗೇರ್‌ಬಾಕ್ಸ್ ಇಳಿಸಿ ಬಿಚ್ಚಲೇಬೇಕು ಅಂದರು. ಗೆಳೆಯರು "ಇಷ್ಟು ಓಡಿದ ಗಾಡಿಗೆ ಹೊಸ ಆಯಿಲ್ ಹಾಕ್ಬೇಡ, ಸ್ಲಿಪ್ ಹೊಡೆಯುತ್ತೆ" ಅಂತ ಹೆದರಿಸಿದರು; ಅಂದರೆ ಗೇರ್ ಹಿಡಿಯದೆ ಜಾರುತ್ತದೆ ಅಂತ. ಆದರೂ ಗೇರ್‌ಬಾಕ್ಸಿನ ಆಯಿಲ್ (ಎಟಿಎಫ್) ನಾನೇ ಬದಲಿಸಿದೆ, ಆಮೇಲೆ ಮೌಂಟನ್ನೂ, ಅಂದರೆ ಗೇರ್‌ಬಾಕ್ಸನ್ನು ಗಾಡಿಗೆ ಹಿಡಿದಿಡುವ ರಬ್ಬರ್ ಭಾಗವನ್ನೂ. ಈಗ ಎಂಟು ತಿಂಗಳಾಯಿತು. ಸುಮಾರು 9,000 ಕಿಲೋಮೀಟರ್ ಓಡಿಸಿದ್ದೇನೆ, ಒಂದು ಸಲವೂ ಸ್ಲಿಪ್ ಆಗಿಲ್ಲ.

ಪ್ಯಾನ್, ಅಂದರೆ ಗೇರ್‌ಬಾಕ್ಸಿನ ಕೆಳಗಿನ ಆಯಿಲ್ ತಟ್ಟೆ ಇಳಿಸಿದ ಕೂಡಲೇ ಮೊದಲು ನೋಡಿದ್ದು ಅದರೊಳಗಿನ, ಲೋಹದ ಪುಡಿ ಹಿಡಿಯುವ ಮ್ಯಾಗ್ನೆಟ್. ಮೇಲೆ ಬೂದು ಬಣ್ಣದ ಪೇಸ್ಟ್ ಇತ್ತು. ಎರಡು ಬೆರಳ ನಡುವೆ ಉಜ್ಜಿದೆ. ಕಾಡಿಗೆಯಷ್ಟು ನುಣುಪು, ಒಂದು ಚೂರೂ ಕೈಗೆ ಚುಚ್ಚಲಿಲ್ಲ. ಗೇರ್‌ಬಾಕ್ಸ್ ಗಟ್ಟಿಯಾಗಿದೆ ಅಂತ ನನಗೆ ಧೈರ್ಯ ಬಂದದ್ದು ಅಲ್ಲೇ.

ಮೊದಲ ಸಲ ಕೆಟ್ಟದ್ದು ಫಿಲ್ಟರ್‌ನಲ್ಲಿ. ಹಳೇ ಓ-ರಿಂಗ್ (ರಬ್ಬರ್ ಬಳೆ) ತೂತಿನೊಳಗೇ ಅಂಟಿಕೊಂಡಿತ್ತು. ನೋಡದೆ ಹೊಸ ಫಿಲ್ಟರ್ ಒತ್ತಿಬಿಟ್ಟೆ. ಅದು ಸರಿಯಾಗಿ ಕೂರಲಿಲ್ಲ, ಪಂಪ್ ಗಾಳಿ ಎಳೆದು ಕುಯ್ಯ್ ಅನ್ನತೊಡಗಿತು. ಗೇರ್ ಹಿಡಿಯಲು ಎರಡು ಸೆಕೆಂಡ್ ಬೇಕಾಯಿತು. ತಕ್ಷಣ ಆಫ್ ಮಾಡಿ 4 ಲೀಟರ್ ಎಟಿಎಫ್ ಮತ್ತೆ ಇಳಿಸಿದೆ. ದುಡ್ಡು ಹೋಯಿತಲ್ಲಾ ಅಂತ ಹೊಟ್ಟೆ ಉರಿಯಿತು. ಆದರೆ ಅದೂ ಒಂದು ರೌಂಡ್ ಲೆಕ್ಕಕ್ಕೆ ಬಂತು. ಒಟ್ಟು 8 ಲೀಟರ್ ಹಿಡಿಯುವ ಬಾಕ್ಸ್, ಒಂದು ಸಲಕ್ಕೆ ಅರ್ಧವಷ್ಟೇ ಬರುತ್ತದೆ, ಉಳಿದದ್ದರಲ್ಲಿ ಹೆಚ್ಚಿನದು ಕನ್ವರ್ಟರ್‌ನಲ್ಲಿ, ಅಂದರೆ ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವಿನ ಆಯಿಲ್ ತುಂಬಿದ ಭಾಗದಲ್ಲಿ. ಮೂರನೇ ರೌಂಡಿಗೆ ಆಯಿಲ್ ಇಳಿಸುವ ಪ್ಲಗ್ ಮಾತ್ರ ಬಿಚ್ಚಿದೆ, ಮೂರೂವರೆ ಲೀಟರ್ ಬಂತು. ನನ್ನ ಲೆಕ್ಕದಲ್ಲಿ ಈಗ ಹಳೆಯದು ಏಳರಲ್ಲಿ ಒಂದು ಪಾಲು ಉಳಿದಿರಬಹುದು. ರೌಂಡ್‌ಗಳ ನಡುವೆ ಎಷ್ಟು ಓಡಿಸಬೇಕು ಅನ್ನುವುದು ನನ್ನ ಹತ್ತಿರವೇ ಇರಲಿ.

ಪ್ಯಾನ್ ಬೋಲ್ಟ್‌ಗಳನ್ನು ದೊಡ್ಡ ರ‍್ಯಾಚೆಟ್‌ನಲ್ಲಿ ಬಿಗಿದು ಪ್ಯಾಕಿಂಗ್ ಹೊರಗೆ ಹಿಂಡಿ ಬಂದದ್ದೂ ಉಂಟು. ಅವಕ್ಕೆ 10 ನ್ಯೂಟನ್ ಮೀಟರ್ ಆಸುಪಾಸು ಸಾಕು.

ಇನ್ನೊಂದು ಪ್ರಯೋಗ ಮಾಡಿದೆ. ಬಿಸಿಯಲ್ಲಿ ಇಳಿಸಿದ ಆಯಿಲ್ ಅಳೆದಿಟ್ಟು, ಬೆಳಿಗ್ಗೆ ತಣ್ಣಗಾದ ಮೇಲೆ ಮತ್ತೆ ಅಳೆದೆ. 150 ಮಿಲಿ ಕಡಿಮೆ! ಎಷ್ಟು ಇಳಿಯಿತೋ ಅಷ್ಟೇ ಹಾಕುವವರು ಎರಡನ್ನೂ ತಣ್ಣಗಿದ್ದಾಗಲೇ ಅಳೆಯಿರಿ.

ಇಷ್ಟಾದರೂ ಢಬ್ ಹೋಗಲಿಲ್ಲ. ಗೇರ್ ಬೀಳುವುದು ಮಾತ್ರ ಬೆಣ್ಣೆಯಂತಾಯಿತು. ಮೌಂಟ್ ನೋಡಲು ಗೇರ್‌ಬಾಕ್ಸ್ ಅಂಚಿಗೆ ಮರದ ತುಂಡಿಟ್ಟು ಜಾಕ್‌ನಲ್ಲಿ ಸ್ವಲ್ಪ ಎತ್ತಿದೆ. ಪ್ಯಾನ್ ಮೇಲೆ ಇಡಬೇಡಿ, ತಗ್ಗು ಬೀಳುತ್ತದೆ. ಎತ್ತಿದ್ದೇ ತಡ, ಮೌಂಟಿನ ರಬ್ಬರ್ ಬಾಯಿ ಬಿಟ್ಟಿತು. ಸೀಳಿನೊಳಗೆ ಕಿರುಬೆರಳು ಸಲೀಸಾಗಿ ಹೋಯಿತು.

ಮೊದಲು ಗಾಜು ಅಂಟಿಸುವ ಪಾಲಿಯುರೆಥೇನ್ ತುಂಬಿ ನೋಡಿದೆ. ಎರಡು ವಾರ ಸುಮ್ನೆ ಇತ್ತು, ಆಮೇಲೆ ಅದೂ ಕಿತ್ತುಬಂತು. ಆಮೇಲೆ ಅಗ್ಗದ ಮೌಂಟ್ ತಂದೆ. ರಬ್ಬರ್ ಕಲ್ಲಿನಂತೆ ಗಟ್ಟಿ, ಡ್ಯಾಶ್‌ಬೋರ್ಡ್ ಇಡೀ ಗುಂಯ್ ಅನ್ನುತ್ತಿತ್ತು. ತಿಂಗಳಲ್ಲೇ ಕಿತ್ತು, ಮೂರು ಪಟ್ಟು ಕೊಟ್ಟು ಕಂಪನಿಯದ್ದೇ ಹಾಕಿದೆ. ಮೇಲಿನ ತುಕ್ಕು ಹಿಡಿದ ಬೋಲ್ಟ್ ಎರಡು ಸಂಜೆ ತಿಂದಿತು. ಕೊನೆಗೆ ಅದನ್ನು ಮುರಿಯದೆ ತೆಗೆದ ರೀತಿಯನ್ನೂ ಇಲ್ಲಿ ಬರೆಯುವುದಿಲ್ಲ. ಬಿಗಿಯುವುದಷ್ಟೇ ಹೇಳುತ್ತೇನೆ: ಎಲ್ಲ ಬೋಲ್ಟ್ ಕೈಯಲ್ಲಿ ತಿರುಗಿಸಿ, ಜಾಕ್ ಇಳಿಸಿ ಭಾರ ಕೂತ ಮೇಲೆ ಪೂರ್ತಿ ಬಿಗಿಯಿರಿ. ಅಗ್ಗದ್ದನ್ನು ಹಾಕುವಾಗ ಜಾಕ್ ಮೇಲಿದ್ದಾಗಲೇ ಬಿಗಿದು ರಬ್ಬರ್ ತಿರುಚಿತ್ತು. ಗುಂಯ್ ಸದ್ದಿನ ಅರ್ಧ ಪಾಲು ಅದರದ್ದೇ ಇರಬೇಕು.

ವ್ಯರ್ಥವಾದ ಮೌಂಟ್, ಜಾಸ್ತಿ ಹೋದ ಆಯಿಲ್ ಎಲ್ಲ ಸೇರಿಸಿದರೂ ವರ್ಕ್‌ಶಾಪ್ ಹೇಳಿದ್ದರ ಐದನೇ ಒಂದು ಭಾಗ ಆಗಿರಬಹುದು. ಈಗ ರಿವರ್ಸ್ ಹಾಕಿದರೆ ಬ್ರೇಕ್ ಪೆಡಲ್ ಮೇಲಿನ ಕಾಲಿಗೆ ಮೆಲ್ಲಗೆ ಒಂದು ಸೆಳೆತ ಗೊತ್ತಾಗುತ್ತದೆ, ಅಷ್ಟೇ. ಎಂಜಿನ್ ಬದಿಯ ಮೌಂಟಿನಲ್ಲೂ ಸಣ್ಣ ಬಿರುಕು ಕಂಡಿದೆ, ಮುಂದಿನ ಭಾನುವಾರ ಅದರ ಸರದಿ.