ಒಂದು ಮಗು, ಮನೆಯಲ್ಲಿ ಮೂರು ಕಾನೂನು

ಮಂಡ್ಯದಲ್ಲಿ ನಮ್ಮದು ಅತ್ತೆ, ಮಾವ ಎಲ್ಲರೂ ಇರುವ ಮನೆ. ಮಗನಿಗೆ ಆಟಿಸಂ ಇದೆ ಎಂದು ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ತಿಳಿದ ಮೇಲೆ ನನ್ನ ನಿದ್ದೆ ಕೆಡಿಸಿದ್ದು ಅವನಿಗೆ ಮಾತು ಬಾರದಿರುವುದಕ್ಕಿಂತ ಹೆಚ್ಚಾಗಿ ಮನೆಯೊಳಗಿನ ಮೂರು ಕಾನೂನುಗಳು. ಅವನು ಕಿರುಚಿಕೊಂಡರೆ ಯಜಮಾನರು ಗದರುತ್ತಿದ್ದರು, ಅತ್ತೆಯವರು ಕೈಗೆ ಮೊಬೈಲ್ ಕೊಡುತ್ತಿದ್ದರು, ಚಿಕಿತ್ಸಕಿ ಹೇಳಿಕೊಟ್ಟಂತೆ ಮಾಡಲು ಹೊರಟ ನಾನು ಇಬ್ಬರ ನಡುವೆ ಸಿಕ್ಕಿ ಹಣ್ಣುಗಾಯಿ ನೀರುಗಾಯಿ ಆಗುತ್ತಿದ್ದೆ.

ಡಯಾನಾ ಬಾಮ್‌ರಿಂಡ್ ಎಂಬ ಅಮೆರಿಕದ ಮನೋವಿಜ್ಞಾನಿ 1960ರ ದಶಕದಲ್ಲಿ ಮಕ್ಕಳನ್ನು ಬೆಳೆಸುವ ರೀತಿಗಳನ್ನು ವಿಂಗಡಿಸಿದ್ದರು: ಬರೀ ಅಪ್ಪಣೆ, ಬರೀ ಸಲಿಗೆ, ಅಕ್ಕರೆಯೂ ಶಿಸ್ತೂ ಕೂಡಿದ ಮೂರನೆಯದು. ಮೂರನೆಯದರಲ್ಲಿ ಮಗುವಿಗೆ ಕಾರಣವನ್ನು ಬಿಡಿಸಿ ಹೇಳಬೇಕು. ನನ್ನ ಮಗನಿಗೆ ಹೇಳಿದರೆ ಸಾಲದು, ತೋರಿಸಬೇಕು.

ಕುಕ್ಕರನ್ನೇ ತೆಗೆದುಕೊಳ್ಳಿ. ಅದು ಕೂಗಿದರೆ ಅವನು ಕಿವಿ ಮುಚ್ಚಿಕೊಂಡು ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದ. "ಮಗು ಬೆದರುತ್ತದೆ ಕಣಮ್ಮ, ಕುಕ್ಕರೇ ಬೇಡ" ಎಂದರು ಅತ್ತೆ. "ರೂಢಿಯಾಗಲಿ ಬಿಡು" ಎಂದರು ಯಜಮಾನರು. ನಾನು ಹಳೆಯ ಲಗ್ನಪತ್ರಿಕೆಯ ರಟ್ಟಿನ ಮೇಲೆ ಕುಕ್ಕರಿನ ಫೋಟೊ, ಪಕ್ಕದಲ್ಲಿ ಹಿತ್ತಲ ಬಾಗಿಲಿನ ಫೋಟೊ ಅಂಟಿಸಿದೆ. ಅಂಗಡಿಯ ಚಿತ್ರಪಟ ನಡೆಯಲಿಲ್ಲ. ಹಿಡಿ ಸುಟ್ಟು ಕರಿದಾದ ನಮ್ಮ ಕುಕ್ಕರೇ ಬೇಕಿತ್ತು ಅವನಿಗೆ. ಒಲೆ ಹಚ್ಚುವ ಮೊದಲು ಕಾರ್ಡ್ ತೋರಿಸಿ ಹಿತ್ತಲಿಗೆ ಕರೆದೊಯ್ಯುವುದು, ಕೂಗು ಮುಗಿದ ಮೇಲೆ ಕಾರ್ಡನ್ನು ಬೋರಲಾಗಿಡುವುದು. ಒಲೆಯ ಮುಂದೆ ಯಾರೇ ನಿಂತಿರಲಿ, ಇದೇ ಕ್ರಮ. ಈಗ ಬೇಳೆ ತೊಳೆಯುವ ಸದ್ದು ಕೇಳಿದರೆ ಸಾಕು, ಕಾರ್ಡ್ ಹಿಡಿದು ತಾನೇ ಹಿತ್ತಲಿಗೆ ನಡೆಯುತ್ತಾನೆ.

ಅತ್ತೆಯವರನ್ನು ಒಪ್ಪಿಸಲು ವಾದಕ್ಕಿಳಿಯಲಿಲ್ಲ, ಮೈಸೂರಿಗೆ ಜೊತೆಗೆ ಕರೆದೊಯ್ದೆ. ಸೊಸೆ ಹೇಳಿದರೆ ಅಧಿಕಪ್ರಸಂಗ, ಅದನ್ನೇ ಚಿಕಿತ್ಸಕಿ ಹೇಳಿದರೆ ತಿಳಿವಳಿಕೆ! "ತಾಯಿ ಕೆಲಸಕ್ಕೆ ಹೋಗುವುದರಿಂದಲೇ ಹೀಗೆ" ಎನ್ನುವ ನೆಂಟರ ಬಾಯಿ ಮುಚ್ಚಿಸುವವರೂ ಈಗ ಅತ್ತೆಯವರೇ. ತಾಯಿಯ ಅಕ್ಕರೆ ಸಾಲದೆ ಆಟಿಸಂ ಬರುತ್ತದೆ ಎಂದು ಕಳೆದ ಶತಮಾನದಲ್ಲಿ ಕೆಲವು ತಜ್ಞರೂ ನಂಬಿದ್ದರು. ಆ ಮಾತು ಸುಳ್ಳೆಂದು ಎಂದೋ ಸಾಬೀತಾಗಿದೆ. ಆಟಿಸಂ ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು. ಆದರೂ ಮದುವೆ ಮನೆಗಳಲ್ಲಿ ಆ ಹಳೆಯ ನಂಬಿಕೆ ಇನ್ನೂ ಜೀವಂತವಾಗಿದೆ.

ಕಾಗದಪತ್ರದ ಓಡಾಟವನ್ನು ಯಜಮಾನರಿಗೆ ಬಿಟ್ಟಿದ್ದೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಕೂಡ ಸೇರಿದೆ. ಕೇಂದ್ರ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ 1 ಲಕ್ಷ ರೂಪಾಯಿವರೆಗಿನದು, ಥೆರಪಿಗೂ ಅದರಲ್ಲಿ ಒಂದು ಮಿತಿಯೊಳಗೆ ಹಣ ಸಿಗುತ್ತದೆ. ಭಾನುವಾರ ಬೆಳಗ್ಗೆ ಮಗನನ್ನು ರೈಲು ನಿಲ್ದಾಣಕ್ಕೆ ಕರೆದೊಯ್ಯುವುದೂ ಅವರ ಪಾಲು. ಕುಕ್ಕರಿಗೆ ಬೆದರುವವನಿಗೆ ರೈಲಿನ ಕೂಗೆಂದರೆ ಪ್ರಾಣ! ಆ ಹೊತ್ತಿನಲ್ಲಿ ನಾನು ಮನೆಗೆಲಸ ಮುಟ್ಟುವುದಿಲ್ಲ.

ಕ್ಷೌರ ಮಾತ್ರ ಇನ್ನೂ ಬಗೆಹರಿದಿಲ್ಲ. ಅದಕ್ಕೆ ಯಾವ ಕಾರ್ಡೂ ನಾಟುತ್ತಿಲ್ಲ. ನಿದ್ದೆ ಹತ್ತಿದ ಮೇಲೆ ಮಾವನವರು ಟಾರ್ಚ್ ಹಿಡಿಯುತ್ತಾರೆ, ನಾನು ಕತ್ತರಿ ಹಿಡಿಯುತ್ತೇನೆ. ಒಂದು ಬದಿ ಗಿಡ್ಡ, ಮಗ್ಗುಲು ಬದಲಿಸುವವರೆಗೆ ಇನ್ನೊಂದು ಬದಿ ಉದ್ದ. ಶಾಲೆಯಲ್ಲಿ ಕೇಳಿದರೆ ಇದೇ ಹೊಸ ಮಾದರಿ ಎನ್ನುತ್ತೇವೆ.